ನಾಯಿಯ ಮಂಡಿ ಆಪರೇಷನ್: ಡಾಕ್ಟರ ಕೆಲಸ ಎರಡು ತಾಸು, ನಮ್ಮದು ಎರಡು ತಿಂಗಳು

ಐದನೇ ವಾರ ನಮ್ಮ ಗುಂಡ ದಿವಾನದ ಮೇಲಿಂದ ಕೆಳಗೆ ಹಾರಿದ. ಬೀದಿಯಲ್ಲಿ ತಳ್ಳುಗಾಡಿಯವನ ಕೂಗು ಕೇಳಿಸಿತ್ತು, ಅಷ್ಟೇ ಕಾರಣ. ಮೈತೂಕ 36 ಕಿಲೋ, ಎಡಗಾಲಿನ ಮಂಡಿ ಕೆಳಗೆ ಸ್ಟೀಲಿನ ಪ್ಲೇಟು, ನೆಲಕ್ಕೆ ನುಣುಪಾದ ಕಡಪ ಕಲ್ಲು. ಎರಡು ದಿನ ಕಾಲು ಊರಲಿಲ್ಲ. ಎಕ್ಸ್‌ರೇಯಲ್ಲಿ ಪ್ಲೇಟು, ಸ್ಕ್ರೂ ಎಲ್ಲ ಇದ್ದಲ್ಲೇ ಇದ್ದವು, ಬಚಾವಾದೆವು. ಅವನನ್ನು ದಿವಾನದ ಮೇಲೆ ಹತ್ತಿಸಿ ಪಕ್ಕದಲ್ಲಿ ಮಲಗಿಸಿಕೊಂಡಿದ್ದವನು ನಾನೇ. ಪಾಪ, ಈಗ ಆರಾಮಾಗಿದಾನಲ್ಲ ಅಂತ.

ಬಳ್ಳಾರಿಯಲ್ಲಿ ಯಾರಿಗಾದರೂ ನಾಯಿಯ ಮಂಡಿ ಆಪರೇಷನ್ ಅಂತ ಹೇಳಿ ನೋಡಿ. ಕೇಳುವುದು ಎರಡೇ ಪ್ರಶ್ನೆ. ಎಷ್ಟಾಯ್ತು? ಎಲ್ಲಿ ಮಾಡಿಸಿದಿರಿ? ಮನೆಗೆ ತಂದ ಮೇಲೆ ಎಲ್ಲಿ ಮಲಗಿಸಿದಿರಿ ಅಂತ ಯಾರೂ ಕೇಳುವುದಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಆಪರೇಷನ್ ಮಾಡಿದವರು ತಮ್ಮ ಕೆಲಸ ಚೆನ್ನಾಗಿಯೇ ಮಾಡಿದ್ದರು. ತಯಾರಾಗಿರದೇ ಇದ್ದದ್ದು ನಮ್ಮ ಮನೆ. ಹಾಗಾಗಿ ಇಲ್ಲಿ ಆಸ್ಪತ್ರೆಯ ಮಾತು ಕಡಿಮೆ, ಪಡಸಾಲೆಯ ಮಾತು ಜಾಸ್ತಿ.

ಉಳುಕೋ, ಲಿಗಮೆಂಟೋ?

ಮಂಡಿಯೊಳಗೆ ತೊಡೆಯ ಎಲುಬನ್ನೂ ಕೆಳಗಿನ ಎಲುಬನ್ನೂ ಬಿಗಿದು ಹಿಡಿಯುವ ಹಗ್ಗದಂಥದ್ದು ಕ್ರೂಸಿಯೇಟ್ ಲಿಗಮೆಂಟ್. ಆಟಗಾರರಿಗೆ ಎಸಿಎಲ್ ಹರಿಯಿತು ಅಂತ ಪೇಪರ್‌ನಲ್ಲಿ ಓದುತ್ತೇವಲ್ಲ, ಅದೇ. ಅವರಿಗೆ ಸಾಮಾನ್ಯವಾಗಿ ಒಂದೇ ತಿರುವಿಗೆ ಹರಿಯುತ್ತದೆ. ನಾಯಿಗಳಲ್ಲಿ ಹೆಚ್ಚಿನ ಸಲ ಬಾವಿ ಹಗ್ಗದ ಹಾಗೆ ಎಳೆ ಎಳೆಯಾಗಿ, ತಿಂಗಳುಗಟ್ಟಲೆ ಸವೆಯುತ್ತದೆ. ಒಂದು ದಿನ ಅಳಿಲಿನ ಹಿಂದೆ ಓಡಿದಾಗ ಪೂರ್ತಿ ಹರಿಯುತ್ತದೆ. ನಾವು ಅಳಿಲನ್ನು ಬೈಯುತ್ತೇವೆ. ಲ್ಯಾಬ್ರಡಾರ್, ರಾಟ್‌ವೀಲರ್‌ನಂಥ ಭಾರದ ತಳಿಗಳಲ್ಲಿ ಇದು ಜಾಸ್ತಿ. ಮೈ ಬಂದ ನಾಯಿಗಳಲ್ಲಿ ಇನ್ನೂ ಜಾಸ್ತಿ.

ಗುರುತು ಹೀಗಿರುತ್ತವೆ. ಹಿಂಗಾಲು ಕುಂಟುತ್ತದೆ. ನಿಂತಾಗ ಆ ಕಾಲಿನ ಬೆರಳು ಮಾತ್ರ ನೆಲಕ್ಕೆ ತಾಗಿರುತ್ತದೆ. ಮಲಗಿ ಎದ್ದಾಗ ಕಾಲು ಬಿಗಿಯಾಗಿರುತ್ತದೆ, ನಾಲ್ಕು ಹೆಜ್ಜೆ ನಡೆದ ಮೇಲೆ ಸ್ವಲ್ಪ ಸಡಿಲ. ಕೂರುವಾಗ ಮಡಚಿ ಕೂರದೆ ಕಾಲನ್ನು ಪಕ್ಕಕ್ಕೆ ಚಾಚಿ ಕೂರುತ್ತದೆ. ಈ ಕೊನೆಯದು ಒಳ್ಳೆ ಸುಳಿವು. ನಮ್ಮವನು ಆರು ತಿಂಗಳಿಂದ ಹಾಗೇ ಕೂರುತ್ತಿದ್ದ. ಸೋಮಾರಿ ಅಂತ ನಗುತ್ತಿದ್ದೆವು. ತೊಡೆ ಸಣ್ಣಗಾಗಿದ್ದರೆ ತೊಂದರೆ ಹಳೆಯದು ಅಂತ ತಿಳಿಯಿರಿ. ಹಿಂದೆ ನಿಂತು ಎರಡೂ ಕೈಯಲ್ಲಿ ಎರಡೂ ತೊಡೆ ಹಿಡಿದು ನೋಡಿದರೆ ಗೊತ್ತಾಗುತ್ತದೆ.

ನಾವು ಮೊದಲು ತೋರಿಸಿದ ಕಡೆ ಉಳುಕು ಅಂದರು. ಇಂಜೆಕ್ಷನ್ ಕೊಟ್ಟಾಗ ನಾಲ್ಕು ದಿನ ಚೆನ್ನಾಗಿ ನಡೆದ. ಆಮೇಲೆ ಮತ್ತೆ ಕುಂಟು, ಮತ್ತೆ ಇಂಜೆಕ್ಷನ್. ಹೀಗೆ ಎರಡು ತಿಂಗಳು ಹೋಯಿತು. ಹಿಂಗಾಲಿನ ಕುಂಟು ಎರಡು ವಾರದಲ್ಲಿ ಹೋಗಲಿಲ್ಲ, ಅಥವಾ ಹೋಗಿ ಹೋಗಿ ಬರುತ್ತಿದೆ ಅಂದರೆ ಎಲುಬಿನ ಆಪರೇಷನ್ ಮಾಡುವ ಪಶುವೈದ್ಯರಿಗೇ ತೋರಿಸಿ. ಅವರು ಮೇಜಿನ ಡ್ರಾಯರ್ ಎಳೆದ ಹಾಗೆ ಮಂಡಿಯ ಕೆಳಗಿನ ಎಲುಬನ್ನು ಮುಂದಕ್ಕೆ ಎಳೆದು ನೋಡುತ್ತಾರೆ. ಅದು ಜಾರಿದರೆ ಹಗ್ಗ ಹರಿದಿದೆ ಅಂತ ಅರ್ಥ. ನಾಯಿ ಕಾಲು ಬಿಗಿ ಹಿಡಿದರೆ ಮಂಪರು ಕೊಟ್ಟು ನೋಡಬೇಕಾಗುತ್ತದೆ. ಎಕ್ಸ್‌ರೇಯಲ್ಲಿ ಲಿಗಮೆಂಟ್ ಕಾಣುವುದಿಲ್ಲ. ಮಂಡಿಯಲ್ಲಿ ನೀರು ತುಂಬಿದ್ದು, ಎಲುಬಿನ ಅಂಚು ಒರಟಾಗಿದ್ದು ಕಾಣುತ್ತದೆ. ಎಲುಬಿನ ಗಡ್ಡೆಯಂಥ ಬೇರೆ ಕಾಯಿಲೆ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲೂ ಎಕ್ಸ್‌ರೇ ಬೇಕು.

ಎಣ್ಣೆ ತಿಕ್ಕಿ ಉಳುಕು ತೆಗೆಯುವವರ ಹತ್ತಿರ ಮಾತ್ರ ಕರೆದುಕೊಂಡು ಹೋಗಬೇಡಿ. ಹರಿದ ಮಂಡಿಯನ್ನು ಎಳೆದು ತಿರುಚಿದರೆ ಒಳಗಿನ ಗಾದಿಯೂ ಹರಿಯಬಹುದು. ಎರಡು ಎಲುಬಿನ ನಡುವೆ ಮೆನಿಸ್ಕಸ್ ಅನ್ನುವ ಮೆತ್ತನೆ ಗಾದಿ ಇರುತ್ತದೆ. ನಡೆಯುವಾಗ ಮಂಡಿಯಿಂದ ಟಕ್ ಅಂತ ಸದ್ದು ಬಂದರೆ ಅದಕ್ಕೂ ಏಟಾಗಿರಬಹುದು.

ಇನ್ನೊಂದು ಮಾತು, ಮೆಡಿಕಲ್ ಶಾಪಿನದು. ನೋವು ಪಡುತ್ತಿದೆ ಅಂತ ಮನುಷ್ಯರ ಮಾತ್ರೆ ಕೊಡಬೇಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿ ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಲಿವರ್‌ಗೆ ಹೊಡೆತ. ಮೆಲೊಕ್ಸಿಕಾಮ್ ನಾಯಿಗೂ ಕೊಡುತ್ತಾರೆ, ನಿಜ. ಆದರೆ ದಿನಾ ಕೊಡುವ ಡೋಸು ಕಿಲೋಗೆ 0.1 ಮಿಲಿಗ್ರಾಂನಷ್ಟು. 30 ಕಿಲೋ ನಾಯಿಗೆ 3 ಮಿಲಿಗ್ರಾಂ. ಅಂಗಡಿಯಲ್ಲಿ ಸಿಗುವ ನಮ್ಮ ಮಾತ್ರೆ 7.5 ಅಥವಾ 15 ಮಿಲಿಗ್ರಾಂ ಇರುತ್ತದೆ. ಲೆಕ್ಕ ನೀವೇ ಹಾಕಿ.

ಮೊದಲು ರಕ್ತ, ಆಮೇಲೆ ತಾರೀಖು

ನಮ್ಮ ಕಡೆ ಉಣ್ಣಿ ಕಾಟ ವರ್ಷಪೂರ್ತಿ. ಉಣ್ಣಿಯಿಂದ ಬರುವ ಟಿಕ್ ಫೀವರ್‌ನಿಂದಲೂ ನಾಯಿ ಕುಂಟಬಹುದು, ಕೀಲು ಬಾತುಕೊಳ್ಳಬಹುದು. ಅದಕ್ಕಿಂತ ಮುಖ್ಯ, ಈ ಜ್ವರದಲ್ಲಿ ರಕ್ತದ ಪ್ಲೇಟ್‌ಲೆಟ್ ಬೀಳುತ್ತದೆ. ಪ್ಲೇಟ್‌ಲೆಟ್ ಕಡಿಮೆ ಇರುವ ನಾಯಿಯನ್ನು ಕೊಯ್ದರೆ ರಕ್ತ ನಿಲ್ಲುವುದಿಲ್ಲ. ಹಾಗಾಗಿ ಪೂರ್ತಿ ರಕ್ತ ಪರೀಕ್ಷೆ, ಪ್ಲೇಟ್‌ಲೆಟ್, ಕಿಡ್ನಿ, ಲಿವರ್, ಟಿಕ್ ಫೀವರ್ ಇಷ್ಟನ್ನೂ ಬಳ್ಳಾರಿಯಲ್ಲೇ ಮಾಡಿಸಿಕೊಂಡು ಹೊರಡಿ. ಗುಂಡನಿಗೆ ಟಿಕ್ ಫೀವರ್ ಸಿಕ್ಕಿತು. ಡಾಕ್ಸಿಸೈಕ್ಲಿನ್ 28 ದಿನದ ಕೋರ್ಸ್ ಮುಗಿಸಿ, ಮತ್ತೆ ರಕ್ತ ನೋಡಿಸಿ, ಆಮೇಲೆ ತಾರೀಖು ತಗೊಂಡೆವು. ಬೇಸರವಾಗಿತ್ತು. ಈಗ ಅನ್ನಿಸುತ್ತದೆ, ಬೆಂಗಳೂರಿಗೆ ಹೋದ ಮೇಲೆ ಗೊತ್ತಾಗಿದ್ದರೆ 300 ಕಿಲೋಮೀಟರ್ ಸುಮ್ನೆ ವಾಪಸ್ ಬರಬೇಕಿತ್ತು, ಅಲ್ವಾ?

ಕಾಲಿನ ಮೇಲೆ ಕಜ್ಜಿ, ಗುಳ್ಳೆ ಇದ್ದರೆ ಅದನ್ನೂ ಮೊದಲು ವಾಸಿ ಮಾಡಿಸಿ. ಚರ್ಮದ ಸೋಂಕು ಪ್ಲೇಟಿನ ತನಕ ಇಳಿದರೆ ಅದನ್ನು ಬಿಡಿಸುವುದು ದೊಡ್ಡ ಕಷ್ಟ.

ಯಾವ ಆಪರೇಷನ್?

ನಾಯಿಯ ಮಂಡಿ ಕೆಳಗಿನ ಎಲುಬಿನ ತಲೆ ಸಪಾಟಾಗಿಲ್ಲ, ಹಿಂದಕ್ಕೆ ಇಳಿಜಾರಾಗಿದೆ. ಸುಮಾರು 25 ಡಿಗ್ರಿ ಅಂತಿಟ್ಟುಕೊಳ್ಳಿ. ಇಳಿಜಾರಿನಲ್ಲಿ ಬಂಡಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಟ್ಟ ಹಾಗೆ ಲಿಗಮೆಂಟ್ ಇರುತ್ತದೆ. ಕಲ್ಲು ಹೋದರೆ ಬಂಡಿ ಜಾರುತ್ತದೆ. ಈಗ ಎರಡು ದಾರಿ. ಒಂದು, ಕಲ್ಲಿನ ಬದಲು ಗಟ್ಟಿ ನೈಲಾನ್ ದಾರ ಬಿಗಿದು ಬಂಡಿಯನ್ನು ಕಟ್ಟಿಹಾಕುವುದು. ಇದು ಚಿಕ್ಕ ನಾಯಿಗಳಿಗೆ ಚೆನ್ನಾಗಿ ಒಗ್ಗುತ್ತದೆ. ಎರಡನೆಯದು, ಇಳಿಜಾರನ್ನೇ ಸಮ ಮಾಡಿಬಿಡುವುದು. ಎಲುಬಿನ ತಲೆಯನ್ನು ಬಾಗಿದ ಗರಗಸದಿಂದ ಕೊಯ್ದು, ತಿರುಗಿಸಿ, ಇಳಿಜಾರು 5-6 ಡಿಗ್ರಿಗೆ ತಂದು, ಪ್ಲೇಟು ಸ್ಕ್ರೂ ಹಾಕುತ್ತಾರೆ. ಇದೇ ಟಿಪಿಎಲ್‌ಒ. ಟಿಟಿಎ ಅಂತ ಇನ್ನೊಂದು ಇದೆ. ಅದರಲ್ಲಿ ಮಂಡಿಚಿಪ್ಪಿನ ಕೆಳಗಿನ ಎಲುಬಿನ ಗುಬಟನ್ನು ಮುಂದಕ್ಕೆ ತರುತ್ತಾರೆ. ದೊಡ್ಡ, ಚುರುಕು ನಾಯಿಗೆ ಸಾಮಾನ್ಯವಾಗಿ ಟಿಪಿಎಲ್‌ಒ ಹೇಳುತ್ತಾರೆ.

ನೆನಪಿಡಿ, ಟಿಪಿಎಲ್‌ಒ ಅಂದರೆ ಡಾಕ್ಟರು ಬೇಕಂತಲೇ ಎಲುಬು ಮುರಿದಿದ್ದಾರೆ ಅಂತ ಅರ್ಥ. ಲಿಗಮೆಂಟ್ ವಾಸಿಯಾಗುವುದನ್ನು ನೀವು ಕಾಯುತ್ತಿಲ್ಲ. ಎಲುಬು ಕೂಡುವುದನ್ನು ಕಾಯುತ್ತಿದ್ದೀರಿ. ಎಂಟು ವಾರ ಅನ್ನುವ ಲೆಕ್ಕ ಬಂದದ್ದು ಅಲ್ಲಿಂದ.

15 ಕಿಲೋ ಒಳಗಿನ ನಾಯಿಗಳಲ್ಲಿ ಕೆಲವು ಆಪರೇಷನ್ ಇಲ್ಲದೆ, ತೂಕ ಇಳಿಸಿ, ಕಟ್ಟುನಿಟ್ಟಾಗಿ ಕಟ್ಟಿಹಾಕಿದರೆ ಸುಧಾರಿಸುತ್ತವೆ. 30 ಕಿಲೋ ನಾಯಿಯಲ್ಲಿ ಆ ಆಸೆ ಇಟ್ಟುಕೊಂಡು ತಿಂಗಳು ಕಳೆಯಬೇಡಿ.

ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ. ಕೊಪ್ಪಳದವರು ಹುಬ್ಬಳ್ಳಿ ಕಡೆಯೂ ವಿಚಾರಿಸಬಹುದು. ಬೆಂಗಳೂರಾದರೆ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಖಾಸಗಿಯವರೂ ಇದ್ದಾರೆ. ಎಲ್ಲೇ ಆಗಲಿ, ಫೋನಿನಲ್ಲೇ ಇಷ್ಟು ಕೇಳಿ:

- ಈ ಆಪರೇಷನ್ ನೀವು ತಿಂಗಳಿಗೆ ಎಷ್ಟು ಮಾಡುತ್ತೀರಿ?
- ಅರಿವಳಿಕೆ ನೋಡಿಕೊಳ್ಳಲು ಬೇರೆ ಡಾಕ್ಟರು ಇರುತ್ತಾರಾ, ಅಥವಾ ಕೊಯ್ಯುವವರೇ ಅದನ್ನೂ ನೋಡುತ್ತಾರಾ?
- ಮೆನಿಸ್ಕಸ್ ತೆರೆದು ನೋಡುತ್ತೀರಾ?
- ಆಪರೇಷನ್ ಆದ ತಕ್ಷಣದ ಎಕ್ಸ್‌ರೇ, ಎಂಟನೇ ವಾರದ ಎಕ್ಸ್‌ರೇ ಈ ದುಡ್ಡಿನಲ್ಲೇ ಸೇರಿದೆಯಾ?
- ಹೊಲಿಗೆ ಬಳ್ಳಾರಿಯಲ್ಲೇ ಬಿಚ್ಚಿಸಬಹುದಾ? ರಾತ್ರಿ ಏನಾದರೂ ಆದರೆ ಯಾವ ನಂಬರಿಗೆ ಫೋನ್ ಮಾಡಬೇಕು?

ಖರ್ಚಿನ ಪಟ್ಟಿ ಬಿಡಿಸಿ ಬರೆಸಿಕೊಳ್ಳಿ. ಪ್ಲೇಟು, ಅರಿವಳಿಕೆ, ಉಳಿಯುವ ದಿನ, ಔಷಧಿ, ಎಕ್ಸ್‌ರೇ, ಎಲ್ಲ ಬೇರೆ ಬೇರೆ. ಕಾಲು ಹರಿದ ಮೇಲೆ ಇನ್ಶೂರೆನ್ಸ್ ಮಾಡಿಸಿ ಪ್ರಯೋಜನವಿಲ್ಲ, ಮೊದಲೇ ಇದ್ದ ಕಾಯಿಲೆಗೆ ಅವರು ಕೊಡುವುದಿಲ್ಲ.

ಯಾವ ತಿಂಗಳು?

ಇದನ್ನು ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಆಗುವುದಾದರೆ ದೀಪಾವಳಿ ಪಟಾಕಿ ಮುಗಿದ ಮೇಲೆ ಮಾಡಿಸಿ. ನವೆಂಬರ್ ಕೊನೆಗೆ ಆಪರೇಷನ್ ಆದರೆ ಜನವರಿ ಕೊನೆಗೆ ಎಂಟು ವಾರ. ಬಳ್ಳಾರಿಯಲ್ಲಿ ನಾಯಿಗೂ ಮನುಷ್ಯರಿಗೂ ಉಸಿರಾಡಲು ಆಗುವ ತಿಂಗಳು ಅವೇ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟಿದಾಗ ಕುತ್ತಿಗೆಗೆ ಪ್ಲಾಸ್ಟಿಕ್ ಕೋನ್ ಹಾಕಿಕೊಂಡು, ಕರೆಂಟು ಹೋದ ಮನೆಯಲ್ಲಿ, ಒಂದೇ ಮೂಲೆಯಲ್ಲಿ ಮಲಗುವ ನಾಯಿಯ ಪಾಡು ಯೋಚಿಸಿ. ಆಪರೇಷನ್ ಆಗಿ ಮೂರನೇ ವಾರಕ್ಕೆ ಲಕ್ಷ್ಮಿ ಪಟಾಕಿ ಸಿಡಿದರೂ ಕಥೆ ಮುಗಿಯಿತು. ಆದರೆ ಪೂರ್ತಿ ಹರಿದಿದ್ದರೆ ತಿಂಗಳು ನೋಡುತ್ತಾ ಕೂರಬೇಡಿ. ಬೇಸಿಗೆಯಾದರೂ ಸರಿ, ಕೂಲರ್ ರಿಪೇರಿ ಮಾಡಿಸಿ, ಹೊರಡಿ.

ಮನೆ ತಯಾರು ಮಾಡುವುದು

ಆಪರೇಷನ್‌ಗೆ ಒಂದು ವಾರ ಮೊದಲೇ ಈ ಕೆಲಸ ಮುಗಿದಿರಬೇಕು. ನಾಯಿಯನ್ನು ಕಾರಿನಿಂದ ಇಳಿಸಿದ ಮೇಲೆ ಸುತ್ತಿಗೆ ಹುಡುಕಬೇಡಿ.

ಮೊದಲು ನೆಲ. ನಮ್ಮ ಮನೆಗಳಲ್ಲಿ ಕಡಪ ಕಲ್ಲು, ಗ್ರಾನೈಟು, ಟೈಲ್ಸು. ಒರೆಸಿ ಒರೆಸಿ ಕನ್ನಡಿ ಮಾಡಿರುತ್ತೇವೆ. ಮೂರು ಕಾಲಿನ ನಾಯಿಗೆ ಇದಕ್ಕಿಂತ ದೊಡ್ಡ ಶತ್ರು ಇಲ್ಲ. ಅವ್ವ ಪ್ರೀತಿಯಿಂದ ಹಳೆ ಕೌದಿ ಹಾಸಿದಳು. ಗುಂಡ ಕಾಲಿಟ್ಟ, ಕೌದಿ ಸಮೇತ ಜಾರಿದ. ಹತ್ತಿ ಬಟ್ಟೆ ಕಲ್ಲಿನ ಮೇಲೆ ನಿಲ್ಲುವುದಿಲ್ಲ. ಕೊನೆಗೆ ಗೆದ್ದದ್ದು ಗೋಣಿತಟ್ಟು. ಖಾಲಿ ಗೋಣಿಚೀಲ ಬಿಚ್ಚಿ, ಉದ್ದಕ್ಕೆ ಹೊಲಿದು, ಅಡಿಯಲ್ಲಿ ರಬ್ಬರ್ ಜಾಲರಿ ಹಾಸಿ, ಅಂಚಿಗೆ ಟೇಪ್ ಅಂಟಿಸಿದೆವು. ಮಲಗುವ ಜಾಗದಿಂದ ಬಾಗಿಲಿನ ತನಕ ಒಂದೇ ಪಟ್ಟಿ. ಯೋಗಾ ಮ್ಯಾಟ್ ಕೂಡ ಆಗುತ್ತದೆ, ಆದರೆ ಅದನ್ನು ಕಚ್ಚಿ ತಿನ್ನುವ ನಾಯಿಗಳಿವೆ. ಪಾದದ ಬೆರಳ ಸಂದಿಯ ಕೂದಲು, ಬೆಳೆದ ಉಗುರು ಕತ್ತರಿಸಿ. ಅವೂ ಜಾರಿಸುತ್ತವೆ.

ಎರಡನೆಯದು ಕಟಕಟೆ. ದೊಡ್ಡ ಕ್ರೇಟ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಓಣಿಯ ವೆಲ್ಡಿಂಗ್ ಅಂಗಡಿಯಲ್ಲಿ ಮೂರು ಜಾಲರಿ ಚೌಕಟ್ಟು ಮಾಡಿಸಿ, ಗೋಡೆಯ ಮೂಲೆಗೆ ಸೇರಿಸಿ. ನಾಯಿ ನಿಂತು, ತಿರುಗಿ, ಕಾಲು ಚಾಚಿ ಮಲಗುವಷ್ಟು ಜಾಗ ಸಾಕು. ಲ್ಯಾಬ್ರಡಾರ್‌ಗೆ ನಾಲ್ಕು ಅಡಿಗೆ ಆರು ಅಡಿ ಹಿಡಿಯುತ್ತದೆ. ಓಡಲು, ಹಾರಲು ಆಗಬಾರದು. ಜನ ಓಡಾಡುವ ಕಡೆಯೇ ಇಡಿ. ಹಿತ್ತಲ ಕೋಣೆಯಲ್ಲಿ ಒಂಟಿಯಾಗಿ ಕೂಡಿದರೆ ಅಳುತ್ತದೆ, ಕೆರೆಯುತ್ತದೆ. ಆದರೆ ಬೀದಿ ಬಾಗಿಲು ಕಾಣಬಾರದು. ನಮ್ಮ ತಪ್ಪು ಅದೇ. ಹಾಲಿನವನು, ಪೇಪರಿನವನು, ಗ್ಯಾಸಿನವನು, ಪ್ರತಿಯೊಬ್ಬರಿಗೂ ಒಂದು ಸಲ ನೆಗೆತ. ಬಾಗಿಲಿಗೆ ಪರದೆ ಹಾಕಿ, ಕಾಲಿಂಗ್ ಬೆಲ್ ತೆಗೆಸಿಬಿಟ್ಟೆವು.

ಕಟ್ಟೆ ಮೆಟ್ಟಿಲು ಎರಡೇ ಇದ್ದರೂ ಮೆಟ್ಟಿಲೇ. ಅಗಲ ಹಲಗೆಗೆ ಗೋಣಿತಟ್ಟು ಹೊಡೆದು ಇಳಿಜಾರು ಮಾಡಿ. ಹಲಗೆ ಅಲುಗಾಡಬಾರದು. ಮಹಡಿ ಮೆಟ್ಟಿಲಿಗೆ ಅಡ್ಡ ಏನಾದರೂ ಕಟ್ಟಿ. ಮಂಚ, ಸೋಫಾದ ಮೇಲೆ ಕುರ್ಚಿ ಮಗುಚಿ ಹಾಕಿ. ದಿವಾನದ ವಿಷಯ ಹೇಳಿಯಾಯಿತು.

ಹೊಟ್ಟೆಗೆ ಆಧಾರ ಕೊಡುವ ಜೋಲಿ ಬೇಕು. ಬಳ್ಳಾರಿಯಲ್ಲಿ ಕೂತು ಇದಕ್ಕೆ ದುಡ್ಡು ಕೊಡಬೇಡಿ. ಹಳೆ ಜೀನ್ಸ್ ಪ್ಯಾಂಟಿನ ಒಂದು ಕಾಲು ಕತ್ತರಿಸಿ, ಉದ್ದಕ್ಕೆ ಬಿಚ್ಚಿದರೆ ಆಯಿತು. ಹಿಂಗಾಲುಗಳ ಮುಂದೆ, ಹೊಟ್ಟೆ ಕೆಳಗೆ ಹಾಯಿಸಿ ಎರಡೂ ತುದಿ ಮೇಲೆ ಹಿಡಿಯಿರಿ. ಎತ್ತಿ ನಡೆಸುವುದಕ್ಕಲ್ಲ. ಜಾರಿದರೆ ಬೀಳದಿರಲಿ ಅಂತ. ಗಂಡು ನಾಯಿಗೆ ಉಚ್ಚೆ ಹೊಯ್ಯಲು ಅಡ್ಡವಾಗದ ಹಾಗೆ ಇಡಿ. ಎರಡು ಜೋಲಿ ಮಾಡಿಟ್ಟುಕೊಳ್ಳಿ, ಒಂದು ಸದಾ ಒಗೆಯಲು ಹೋಗಿರುತ್ತದೆ.

ಈ ವಾರದಲ್ಲೇ ನಾಯಿಗೂ ತಾಲೀಮು ಬೇಕು. ಕಟಕಟೆಯೊಳಗೆ ಊಟ ಹಾಕಿ ರೂಢಿ ಮಾಡಿಸಿ. ಕೋನ್ ತಂದು ದಿನಾ ಹತ್ತು ನಿಮಿಷ ಹಾಕಿ. ಬೆಲ್ಟು ಹಿಡಿದೇ ಉಚ್ಚೆಗೆ ಕರೆದೊಯ್ಯಿರಿ. ಅಂಗಳದಲ್ಲಿ ಬಿಟ್ಟೇ ಅಭ್ಯಾಸವಾದ ನಾಯಿ ಬೆಲ್ಟಿನಲ್ಲಿ ಹೋಗಲು ಹಟ ಮಾಡುತ್ತದೆ.

ತೂಕ ಇವತ್ತಿನಿಂದಲೇ ಇಳಿಸಿ. ಪಕ್ಕೆಲುಬಿನ ಮೇಲೆ ಬೆರಳಾಡಿಸಿದರೆ ಒತ್ತದೆಯೇ ಎಲುಬು ಸಿಗಬೇಕು. ಸಿಗಲಿಲ್ಲ ಅಂದರೆ ಜಾಸ್ತಿ ಇದೆ. ನಮ್ಮ ಮನೆಯಲ್ಲಿ ಗುಂಡನಿಗೆ ಬೆಳಿಗ್ಗೆ ಒಗ್ಗರಣೆ ಮಂಡಕ್ಕಿಯ ಪಾಲು, ಮಧ್ಯಾಹ್ನ ರೊಟ್ಟಿ ತುದಿ, ಸಂಜೆ ಬಿಸ್ಕೆಟ್. ಯಾರೂ ಲೆಕ್ಕ ಇಟ್ಟಿರಲಿಲ್ಲ. ಮಂಡಕ್ಕಿಯಲ್ಲಿ ಈರುಳ್ಳಿ ಇರುತ್ತದೆ, ಅದು ನಾಯಿಯ ರಕ್ತಕ್ಕೆ ವಿಷ ಅನ್ನುವುದೂ ಆಗಲೇ ತಿಳಿದದ್ದು. ಆಪರೇಷನ್ ಆದ ಮೇಲೆ ಓಡಾಟ ಇರುವುದಿಲ್ಲ, ಹಾಗಾಗಿ ಊಟವನ್ನು ಸುಮಾರು ಕಾಲು ಭಾಗ ಕಡಿಮೆ ಮಾಡಿ. ಲೋಟದಲ್ಲಿ ಅಳೆದು ಹಾಕಿ. ಬಂದ ನೆಂಟರಿಗೆ ಬಾಯಲ್ಲಿ ಹೇಳಿದರೆ ಸಾಲದು. ನಾವು ಕಟಕಟೆಗೆ ಬೋರ್ಡೇ ಬರೆದು ಹಾಕಿದೆವು.

ಹಿಂದಿನ ದಿನ, ಆ ದಿನ

ಹಿಂದಿನ ದಿನ ಸ್ನಾನ ಮಾಡಿಸಿ, ಪೂರ್ತಿ ಒಣಗಿಸಿ. ಆಮೇಲೆ ಎರಡು ವಾರ ನೀರು ಮುಟ್ಟಿಸುವಂತಿಲ್ಲ. ರಾತ್ರಿ ಊಟದ ನಂತರ ಏನೂ ಕೊಡಬೇಡಿ. ಸಾಮಾನ್ಯವಾಗಿ 8ರಿಂದ 12 ತಾಸು ಹೊಟ್ಟೆ ಖಾಲಿ ಇರಬೇಕು, ನೀರು ಬೆಳಿಗ್ಗೆ ತನಕ ಕೊಡಬಹುದು. ಆದರೆ ನಿಮ್ಮ ಡಾಕ್ಟರು ಹೇಳಿದ ಸಮಯವೇ ಸಮಯ. ಮಕ್ಕಳು ಕದ್ದು ಬಿಸ್ಕೆಟ್ ಕೊಟ್ಟಿದ್ದರೆ ಮುಚ್ಚಿಡದೆ ಹೇಳಿಬಿಡಿ. ಅರಿವಳಿಕೆಯಲ್ಲಿ ವಾಂತಿಯಾಗಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಕೊಡುತ್ತಿರುವ ಎಲ್ಲ ಮಾತ್ರೆಗಳ ಹೆಸರು ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಬೆಂಗಳೂರಿಗೆ ಚಳ್ಳಕೆರೆ, ಹಿರಿಯೂರು, ತುಮಕೂರು ದಾರಿ. ಹಿಂದಿನ ದಿನವೇ ಹೋಗಿ ಉಳಿದರೆ ಒಳ್ಳೆಯದು. ಕಾರಿನ ಹಿಂದಿನ ಸೀಟಿಗೂ ಮುಂದಿನ ಸೀಟಿಗೂ ನಡುವಿನ ಗುಂಡಿಗೆ ಹಾಸಿಗೆ, ದಿಂಬು ತುಂಬಿ ಸಮ ಮಾಡಿ. ವಾಪಸ್ ಬರುವಾಗ ಇದು ಬೇಕೇ ಬೇಕು. ಬ್ರೇಕ್ ಹಾಕಿದಾಗ ನಾಯಿ ಆ ಗುಂಡಿಗೆ ಬೀಳುತ್ತದೆ. ಹಿಂದೆ ಒಬ್ಬರು ಕೂತು ಬೆಲ್ಟು ಹಿಡಿದಿರಲಿ. ಎರಡು ಮೂರು ತಾಸಿಗೊಮ್ಮೆ ನಿಲ್ಲಿಸಿ, ನೀರು ಕುಡಿಸಿ. ಹೈವೇ ಹೋಟೆಲಿನ ಮುಂದೆ ಇಳಿಸಬೇಡಿ, ಅಲ್ಲಿ ಬೀದಿ ನಾಯಿಗಳಿರುತ್ತವೆ. ಬಿಸಿಲು ಏರುವ ಮೊದಲು ಊರು ಸೇರುವ ಹಾಗೆ ಹೊರಡಿ.

ಮೊದಲ ಎರಡು ವಾರ

ಮೊದಲ ರಾತ್ರಿ ನಾಯಿ ಅಳುತ್ತದೆ. ಎಲ್ಲೋ ನೋಡುತ್ತಾ, ಒಂದೇ ಸಮ ಕುಂಯ್‌ಗುಡುತ್ತದೆ. ನೋವೂ ಇರಬಹುದು, ಅರಿವಳಿಕೆಯ ಅಮಲೂ ಇರಬಹುದು. ಒಬ್ಬರು ಪಕ್ಕದಲ್ಲೇ ಚಾಪೆ ಹಾಸಿಕೊಂಡು ಮಲಗಿ. ಊಟ ಸ್ವಲ್ಪವೇ ಕೊಡಿ. ಕಕ್ಕ ಎರಡು ಮೂರು ದಿನ ಮಾಡದಿದ್ದರೆ ಗಾಬರಿ ಬೇಡ. ಉಚ್ಚೆ ಮಾತ್ರ 24 ತಾಸಿನೊಳಗೆ ಹೊಯ್ಯಲೇಬೇಕು.

ಕೋನ್ ತೆಗೆಯಬೇಡಿ. ಊಟ ಮಾಡುವಾಗ ಬೇಕಾದರೆ ಕಣ್ಣೆದುರೇ ತೆಗೆದು, ಮತ್ತೆ ಹಾಕಿ. ನಾಯಿ ನೆಕ್ಕಿದರೆ ಗಾಯ ವಾಸಿಯಾಗುತ್ತದೆ ಅಂತ ಹಿರಿಯರು ಹೇಳುತ್ತಾರೆ. ಹೊಲಿಗೆ ಬಿಚ್ಚಲು ನಾಯಿಗೆ ಐದು ನಿಮಿಷ ಸಾಕು. ಅರಿಶಿನ, ಬೇವಿನೆಣ್ಣೆ, ತೆಂಗಿನೆಣ್ಣೆ ಏನೂ ಹಚ್ಚಬೇಡಿ. ಗಾಯ ಒಣಗಿರಲಿ, ಅಷ್ಟೇ. ದಿನಾ ಒಂದೇ ಹೊತ್ತಿಗೆ ಫೋನಿನಲ್ಲಿ ಫೋಟೋ ತೆಗೆದಿಡಿ. ನಿನ್ನೆಗಿಂತ ಕೆಂಪಾಗಿದೆಯಾ ಅನ್ನುವ ಜಗಳ ಮನೆಯಲ್ಲಿ ಆಗುವುದಿಲ್ಲ, ಡಾಕ್ಟರಿಗೆ ಕಳಿಸಲೂ ಬರುತ್ತದೆ.

ಮೊದಲ ಮೂರು ದಿನ ಐಸು. ಬಟ್ಟೆಯಲ್ಲಿ ಸುತ್ತಿ, ಮಂಡಿ ಮೇಲೆ 10-15 ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಬಾವು ನಿಧಾನವಾಗಿ ಕೆಳಗಿಳಿದು ಹಿಮ್ಮಡಿ ಹತ್ತಿರ ನೀರು ತುಂಬಿದ ಹಾಗೆ ಕಾಣುತ್ತದೆ. ನಾವು ಹೆದರಿ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ್ದೆವು. ಅದು ಸಹಜ, ವಾರದಲ್ಲಿ ಹೋಗುತ್ತದೆ.

ನೋವಿನ ಮಾತ್ರೆ ಊಟದ ಜೊತೆಗೇ. ಕಾರ್ಪ್ರೊಫೆನ್ ಅಥವಾ ಮೆಲೊಕ್ಸಿಕಾಮ್ ನಡೆಯುತ್ತಿದ್ದರೆ ಅದರ ಮೇಲೆ ಇನ್ನೊಂದು ಅಂಥದ್ದು ಕೊಡಬಾರದು, ಸ್ಟೆರಾಯ್ಡೂ ಕೊಡಬಾರದು. ಊರಿನ ಬೇರೆ ಡಾಕ್ಟರ ಹತ್ತಿರ ಹೋದರೆ ಯಾವ ಮಾತ್ರೆ ನಡೆಯುತ್ತಿದೆ ಅಂತ ಮೊದಲೇ ಹೇಳಿ. ಗಬಾಪೆಂಟಿನ್ ಬರೆದುಕೊಟ್ಟಿದ್ದರೆ ಮಾತ್ರೆಯೇ ತಗೊಳ್ಳಿ. ಮನುಷ್ಯರ ಸಿರಪ್‌ನಲ್ಲಿ ಕ್ಸೈಲಿಟಾಲ್ ಎಂಬ ಸಿಹಿ ಇರಬಹುದು, ಅದು ನಾಯಿಗೆ ವಿಷ.

ಹೊರಗೆ ಹೋಗುವುದು ಉಚ್ಚೆ, ಕಕ್ಕಸಿಗೆ ಮಾತ್ರ. ಐದು ನಿಮಿಷ, ಚಿಕ್ಕ ಬೆಲ್ಟು, ಜೋಲಿ. ಹೊಲಿಗೆ 10ರಿಂದ 14 ದಿನಕ್ಕೆ ಬಿಚ್ಚುತ್ತಾರೆ. ಅಷ್ಟರಲ್ಲಿ ಬೆರಳು ಊರಿ ನಡೆಯಲು ಶುರು ಮಾಡಿರುತ್ತದೆ.

ಮೂರನೇ ವಾರದಿಂದ ಎಂಟನೇ ವಾರ: ನಿಜವಾದ ಕಷ್ಟ

ಈಗ ನಾಯಿಗೆ ನೋವಿಲ್ಲ. ಎಲುಬು ಇನ್ನೂ ಕೂಡಿಲ್ಲ. ಇದು ನಾಯಿಗೆ ಗೊತ್ತಿಲ್ಲ, ಮನೆಯವರಿಗೆ ನೆನಪಿರುವುದಿಲ್ಲ. "ಸಾಕು ಬಿಡೋ, ಜೈಲಿನಲ್ಲಿಟ್ಟ ಹಾಗೆ ಇಟ್ಟಿದೀಯಲ್ಲ" ಅಂತ ಅಪ್ಪ ದಿನಾ ಹೇಳುತ್ತಿದ್ದರು. ನನಗೂ ಹಾಗೇ ಅನ್ನಿಸುತ್ತಿತ್ತು. ಕೆಡುವುದು ಹೆಚ್ಚಾಗಿ ಈ ವಾರಗಳಲ್ಲೇ.

ನಡಿಗೆ ವಾರಕ್ಕೆ ಐದು ನಿಮಿಷದಂತೆ ಹೆಚ್ಚಿಸಿ. ಮೂರನೇ ವಾರ ಒಂದು ಸಲಕ್ಕೆ ಹತ್ತು ನಿಮಿಷ, ನಾಲ್ಕನೇ ವಾರ ಹದಿನೈದು, ಹೀಗೆ. ನಿಮ್ಮ ಡಾಕ್ಟರು ಬೇರೆ ಲೆಕ್ಕ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ. ಮುಖ್ಯವಾದದ್ದು ವೇಗ. ತುಂಬಾ ನಿಧಾನ ನಡೆಸಿ. ಬೇಗ ಹೋದರೆ ನಾಯಿ ಆ ಕಾಲು ಎತ್ತಿಕೊಂಡು ಮೂರು ಕಾಲಲ್ಲಿ ಕುಪ್ಪಳಿಸುತ್ತದೆ. ನಿಧಾನ ಹೋದರೆ ನಾಲ್ಕೂ ಊರಲೇಬೇಕು. ಮದುವೆ ಮೆರವಣಿಗೆ ಹೋಗುತ್ತದಲ್ಲ, ಆ ವೇಗ.

ಬೀದಿ ನಾಯಿಗಳಿಗೆ ಏನು ಮಾಡುವುದು? ಬೆಳಿಗ್ಗೆ ಆರರೊಳಗೆ ಅವು ಮಲಗಿರುವುದಿಲ್ಲ, ಕಾವಲು ಕಾಯುತ್ತಿರುತ್ತವೆ. ನಾವು ಬೀದಿಯನ್ನೇ ಬಿಟ್ಟೆವು. ಅಂಗಳದಲ್ಲೇ ಸುತ್ತು. ಅಂಗಳ ಇಲ್ಲದವರು ಇಬ್ಬರು ಹೋಗಿ, ಒಬ್ಬರು ಮುಂದೆ ಕೋಲು ಹಿಡಿದು. ಡಾಂಬರು ಕಾದಿದೆಯಾ ಅಂತ ಅಂಗೈ ಹಿಂಭಾಗ ಊರಿ ನೋಡಿ. ಐದು ಸೆಕೆಂಡ್ ಇಡಲು ಆಗದಿದ್ದರೆ ವಾಪಸ್.

ಓಡಾಟ ಇಲ್ಲದ ನಾಯಿಗೆ ತಲೆಗೆ ಕೆಲಸ ಕೊಡಿ. ಅವತ್ತಿನ ಊಟದಲ್ಲೇ ಒಂದು ಹಿಡಿ ತೆಗೆದು ಹಳೆ ಟವೆಲಿನಲ್ಲಿ ಸುತ್ತಿ ಗಂಟು ಹಾಕಿ ಕೊಡಿ. ಬಿಚ್ಚಿ ತಿನ್ನಲು ಅರ್ಧ ತಾಸು ಬೇಕು. ಮಜ್ಜಿಗೆಯನ್ನು ಡಬ್ಬಿಯಲ್ಲಿ ಹೆಪ್ಪುಗಟ್ಟಿಸಿ ಕೊಟ್ಟರೆ ಸೆಕೆಗೂ ಒಳ್ಳೆಯದು. ಉಪ್ಪು, ಒಗ್ಗರಣೆ ಹಾಕದ ಮಜ್ಜಿಗೆ. ಇಷ್ಟಾದರೂ ನೆಗೆತ ನಿಲ್ಲದಿದ್ದರೆ ಶಾಂತವಾಗಿಡುವ ಮಾತ್ರೆ ಇದೆ, ಡಾಕ್ಟರನ್ನು ಕೇಳಲು ನಾಚಿಕೆ ಬೇಡ. ನಾನು ನಾಚಿಕೆ ಪಟ್ಟಿದ್ದೆ.

ಇನ್ನೊಂದು ಸಲಹೆ ಕನಿಷ್ಠ ಹತ್ತು ಜನ ಕೊಟ್ಟರು. ಕಾಲುವೆಗೆ ಇಳಿಸಿ ಈಜಿಸಿ, ಕಾಲು ಸರಿಹೋಗುತ್ತದೆ ಅಂತ. ಈಜು ಒಳ್ಳೆಯ ವ್ಯಾಯಾಮವೇ. ಆದರೆ ತುಂಗಭದ್ರಾ ಕಾಲುವೆಯ ಪಾಚಿಗಟ್ಟಿದ ಇಳಿಜಾರು ಗೋಡೆಯ ಮೇಲೆ ಆಪರೇಷನ್ ಆದ ನಾಯಿಯನ್ನು ಇಳಿಸಿದರೆ ಹತ್ತಿಸುವವರು ಯಾರು? ನೀರಿನ ಸೆಳೆತ ಬೇರೆ. ಈಜಿಸುವ ವ್ಯವಸ್ಥೆ ಇರುವ ಕಡೆ, ಗಾಯ ಮಾಗಿದ ಮೇಲೆ, ಡಾಕ್ಟರು ಹೂಂ ಅಂದರೆ ಮಾತ್ರ.

ತಕ್ಷಣ ಫೋನ್ ಮಾಡಬೇಕಾದಾಗ

ಊರುತ್ತಿದ್ದ ಕಾಲನ್ನು ಇದ್ದಕ್ಕಿದ್ದಂತೆ ಎತ್ತಿಕೊಂಡರೆ. ಹೊಲಿಗೆ ಬಿಟ್ಟುಕೊಂಡರೆ, ಕೀವು ಬಂದರೆ, ಗಾಯ ಬಿಸಿಯಾಗಿ ವಾಸನೆ ಬಂದರೆ. ಜ್ವರ 103 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ. ನಾಯಿಗೆ 101ರಿಂದ 102.5 ಸಹಜ, ನಮ್ಮ ಲೆಕ್ಕ ಹಿಡಿಯಬೇಡಿ. ಪದೇ ಪದೇ ವಾಂತಿಯಾದರೆ, ಕಕ್ಕ ಡಾಂಬರಿನಂತೆ ಕಪ್ಪಗಾದರೆ ನೋವಿನ ಮಾತ್ರೆ ನಿಲ್ಲಿಸಿ ಆಮೇಲೆ ಫೋನ್ ಮಾಡಿ. ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೂ ಕೇಳಿ.

ಎಂಟನೇ ವಾರದ ಎಕ್ಸ್‌ರೇ, ಆಮೇಲೆ

ಕಾಲು ಚೆನ್ನಾಗಿದೆ ಅಂತ ಈ ಎಕ್ಸ್‌ರೇ ತಪ್ಪಿಸಬೇಡಿ. ಎಲುಬು ಕೂಡಿದೆಯಾ ಅಂತ ಹೇಳುವುದು ಅದೊಂದೇ. ಬಳ್ಳಾರಿಯಲ್ಲೇ ತೆಗೆಸಿ ಫೋಟೋ ಕಳಿಸಿದರೆ ಆಗುತ್ತದಾ ಅಂತ ಕೇಳಿ. ನಮಗೆ ಆಯಿತು, ಒಂದು ಸಲದ ಪ್ರಯಾಣ ಉಳಿಯಿತು.

ಕೂಡಿದ್ದರೂ ಅವತ್ತೇ ಬಿಟ್ಟುಬಿಡಬೇಡಿ. ತೊಡೆ ಇನ್ನೂ ಸಣ್ಣಗಿರುತ್ತದೆ. ಕೂತು ಏಳಿಸುವ ಆಟ ಒಳ್ಳೆಯದು. ಕೂರು, ಏಳು, ಒಂದು ಕಾಳು ತಿಂಡಿ. ಐದು ಸಲದಿಂದ ಶುರು ಮಾಡಿ. ಕಾಲು ಚಾಚದೆ ನೇರ ಮಡಚಿ ಕೂರಬೇಕು, ಅದಕ್ಕೆ ಗೋಡೆ ಪಕ್ಕ ಕೂರಿಸಿ. ಆಮೇಲೆ ಸಣ್ಣ ಇಳಿಜಾರು ಹತ್ತಿಸುವುದು. ಬೆಲ್ಟಿಲ್ಲದ ಓಟ, ಚೆಂಡಾಟ, ಬೇರೆ ನಾಯಿಯ ಜೊತೆ ಕುಸ್ತಿ, ಇವೆಲ್ಲ ನಾಲ್ಕರಿಂದ ಆರು ತಿಂಗಳ ಮಾತು.

ಒಂದು ಕಾಲು ಹರಿದ ನಾಯಿಗಳಲ್ಲಿ ಸುಮಾರು ಅರ್ಧಕ್ಕೆ ಮುಂದೆ ಇನ್ನೊಂದು ಕಾಲೂ ಹರಿಯುತ್ತದೆ. ಡಾಕ್ಟರು ಇದನ್ನು ಮೊದಲ ದಿನವೇ ಹೇಳಿದ್ದರು, ನಾನು ಕೇಳಿಸಿಕೊಂಡಿರಲಿಲ್ಲ. ಹಾಗಾಗಿ ಕಟಕಟೆಯ ಚೌಕಟ್ಟು ಗುಜರಿಗೆ ಹಾಕಬೇಡಿ, ಅಟ್ಟದ ಮೇಲಿಡಿ. ಜೋಲಿ ಒಗೆದು ಮಡಚಿಡಿ. ಊಟದ ಲೋಟ ಅದೇ ಇರಲಿ. ಗುಂಡನಿಗೆ ಈಗ 31 ಕಿಲೋ, ಬಲಗಾಲು ಗಟ್ಟಿಯಾಗಿದೆ. ನಮ್ಮ ಪಡಸಾಲೆಯ ಗೋಣಿತಟ್ಟು ನೋಡಿ ಬಂದವರು ಮನೆಯಲ್ಲಿ ಜೋಳದ ಸುಗ್ಗಿಯೇ ಅಂತ ಕೇಳುತ್ತಾರೆ. ನಾವು ಅದನ್ನು ತೆಗೆದಿಲ್ಲ.